ಮೋಟಾರಿನ ಬ್ರೇಕು: ಕಾಲಿನ ಬಲವೆಷ್ಟು, ಗಾಳಿಯ ಬಲವೆಷ್ಟು?

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ಹೋಗಿ ತೇರನ್ನು ಕಂಡವರು ನಮ್ಮ ವಾಚಕರಲ್ಲಿ ಬಹು ಜನರಿರಬಹುದು. ತೇರನ್ನು ಎಳೆಯುವದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ; ಹಗ್ಗಕ್ಕೆ ತಾವಾಗಿಯೇ ನೂರಾರು ಕೈಗಳು ಕೂಡುವವು. ಆದರೆ ಒಮ್ಮೆ ಉರುಳಹತ್ತಿದ ತೇರನ್ನು ನಿಲ್ಲಿಸುವ ಕೆಲಸಕ್ಕೆ ಎಲ್ಲರೂ ಒದಗಲಾರರು. ನಮ್ಮ ಕಡೆಯ ತೇರುಗಳಲ್ಲಿ ಗಾಲಿಯ ಮಗ್ಗುಲಿಗೆ ಮರದ ದಿಮ್ಮಿಯನ್ನು ಹಿಡಿದುಕೊಂಡು, ಹೊತ್ತು ನೋಡಿ ಅದನ್ನು ಗಾಲಿಯ ಬುಡಕ್ಕೆ ಕೊಡುವವರು ನಾಲ್ಕಾರು ಜನರು ಮಾತ್ರ. ಅವರ ಮೇಲೆಯೇ ನೆರೆದ ಜನರೆಲ್ಲರ ಜೀವವು ನಿಂತಿರುತ್ತದೆ. ಮೋಟಾರು ಗಾಡಿಯ ವಿಷಯದಲ್ಲಿಯೂ ನಮ್ಮ ಗೃಹಸ್ಥರ ರೀತಿಯು ಹೀಗೆಯೇ ಇದೆ. ಕೊಳ್ಳುವಾಗ ಲೀಟರಿಗೆ ಎಷ್ಟು ಕಿಲೋಮೀಟರು ಓಡುವದು, ಒಳಗೆ ಎಷ್ಟು ಜನರು ಕೂಡ್ರಬಹುದು, ಬಣ್ಣವು ಯಾವದು ಎಂದು ಕೇಳುತ್ತೇವೆ. ಅದು ಯಾವ ಬಲದಿಂದ ನಿಲ್ಲುವದೆಂದು ಕೇಳುವವರು ವಿರಳ.

ನಾನೂ ಕೇಳಿದವನಲ್ಲ. ಕೇಳುವಂತೆ ಮಾಡಿದ್ದು ಎರಡು ವರ್ಷದ ಹಿಂದಿನ ಒಂದು ಪ್ರಸಂಗ. ಇಳಕಲ್ಲಿನಲ್ಲಿರುವ ನನ್ನ ತಂಗಿಯು ಮಕ್ಕಳೊಡನೆ ಜಾತ್ರೆಗೆ ಹೊರಟಿದ್ದಳು. ಗಾಡಿಯನ್ನು ನಡೆಸುತ್ತಿದ್ದವನು ಅವಳ ಹಿರಿಯ ಮಗ. ಹುನಗುಂದ, ಅಮೀನಗಡಗಳನ್ನು ದಾಟಿ ಗುಳೇದಗುಡ್ಡದ ಮೇಲಿಂದ ಬಾದಾಮಿಯ ಕಡೆಗೆ ಬರುವಾಗ ಗುಡ್ಡದ ನಡುವೆ ಒಂದು ಇಳಿಜಾರು ಹತ್ತಿತು. ಅಳಿಯನಿಗೆ ಪೆಟ್ರೋಲಿನ ಉಳಿತಾಯದ ಹುಚ್ಚು. ಇಳಿಜಾರಿನಲ್ಲಿ ಗಾಡಿಯು ತಾನೇ ಓಡುವಾಗ ಎಂಜಿನು ಏಕೆ ಉರಿಯಬೇಕೆಂದು ಅದನ್ನು ಆರಿಸಿ, ಗೇರನ್ನು ಬಿಡಿಸಿದನು. ಒಂದು ತಿರುವಿನಲ್ಲಿ ಬ್ರೇಕು ಒತ್ತಿದನು. ಎದುರಿಗೆ ದನವೊಂದು ಬಂದಿತೆಂದು ಮತ್ತೊಮ್ಮೆ ಒತ್ತಿದನು. ಎರಡು ಸಲವೂ ಗಾಡಿಯು ಹೇಳಿದಂತೆ ಕೇಳಿತು. ಮೂರನೆಯ ಸಲ ಕುರಿಯ ಹಿಂಡು ರಸ್ತೆಗೆ ಅಡ್ಡ ಬಂದಾಗ ಪೆಡಲು ಕೆಳಗೆ ಇಳಿಯಲಿಲ್ಲ. "ಮಾಮಾ, ಕಾಲಾಗ ಗುಂಡಕಲ್ಲ ಇದ್ಹಂಗ ಆತು" ಎಂದು ಆ ಸಂಜೆ ನನಗೆ ಹೇಳುವಾಗಲೂ ಅವನ ಕೈ ನಡುಗುತ್ತಿತ್ತು. ಕೈಬ್ರೇಕನ್ನು ಜಗ್ಗಿ, ಗಾಡಿಯನ್ನು ಹೊರಳಿಸಿ, ಬಿಳಿಜೋಳದ ಹೊಲದ ಅಂಚಿನಲ್ಲಿ ಹೇಗೋ ನಿಲ್ಲಿಸಿದನು. ಮಕ್ಕಳಿಗೆ ಏನೂ ಆಗಲಿಲ್ಲ. ಒಂದು ಕುರಿಮರಿಯ ಕಾಲು ಮುರಿಯಿತು. ಕುರುಬರ ಮುದುಕನು ಹಣವನ್ನು ಎಣಿಸಿಕೊಂಡು, ನಡೆದದ್ದನ್ನೆಲ್ಲ ಕೇಳಿ, "ಇಳಿಜಾರಿನ್ಯಾಗ ಯಾರರ ಎತ್ತಿನ ಕೊಳ್ಳ ಹರೀತಾರೇನ್ರಿ?" ಎಂದನಂತೆ.

ಆ ಮುದುಕನ ಮಾತು ಎಷ್ಟು ನಿಜವೆಂಬುದು ಮುಂದೆ ತಿಳಿಯುವದು. ಅದಕ್ಕೆ ಮೊದಲು ಪೆಡಲಿನ ಹಿಂದೆ ಏನಿದೆಯೆಂಬದನ್ನು ನೋಡುವಾ.

ಹತ್ತಿಯ ಸೀಮೆಯ ನಮಗೆ ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸು ಹೊಸದಲ್ಲ. ಬೆಟ್ಟದಂಥ ಅರಳೆಯ ರಾಶಿಯು ಅದರಲ್ಲಿ ಹಲಿಗೆಯಂತೆ ಗಟ್ಟಿಯಾಗಿ ಹೊರಬೀಳುವದು. ಆ ಯಂತ್ರಕ್ಕೂ ಕಾರಿನ ಬ್ರೇಕಿಗೂ ಮೂಲತತ್ವವು ಒಂದೇ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆಗೆ ಒತ್ತಿದರೆ ಆ ಒತ್ತಡವು ಕುಗ್ಗದೆ ಎಲ್ಲ ಕಡೆಗೂ ಸಮನಾಗಿ ಹಬ್ಬುವದೆಂದು ಫ್ರಾನ್ಸ ದೇಶದ ಬ್ಲೇಸ್ ಪಾಸ್ಕಲನು ಕಂಡುಕೊಂಡನು. ಈ ವಿಷಯದ ಅವನ ಗ್ರಂಥವು ಅವನು ತೀರಿಕೊಂಡ ಮರುವರ್ಷ, ೧೬೬೩ರಲ್ಲಿ, ಅಚ್ಚಾಯಿತು. ೧೭೯೫ರಲ್ಲಿ ಇಂಗ್ಲಂಡಿನ ಜೋಸೆಫ್ ಬ್ರಾಮಾನು ಇದೇ ತತ್ವದ ಮೇಲೆ ಒತ್ತುಯಂತ್ರವನ್ನು ಮಾಡಿ ಪೇಟೆಂಟು ಪಡೆದನು. ಸಣ್ಣ ಕೊಳವೆಯಲ್ಲಿಯ ಸಣ್ಣ ಒತ್ತು ದೊಡ್ಡ ಕೊಳವೆಯಲ್ಲಿ ದೊಡ್ಡ ಒತ್ತಾಗುವದೇ ಇದರ ಚಮತ್ಕಾರ. ಆದರೆ ಪುಕ್ಕಟೆಯಾಗಿ ಏನೂ ದೊರೆಯುವದಿಲ್ಲ. ಬಲವು ಎಷ್ಟು ಪಟ್ಟು ಹೆಚ್ಚುವದೋ, ಸರಿಯುವ ದೂರವು ಅಷ್ಟು ಪಟ್ಟು ಕಡಿಮೆಯಾಗುವದು.

ಮೊದಲಿನ ಮೋಟಾರುಗಳಲ್ಲಿ ಪೆಡಲಿನಿಂದ ಗಾಲಿಯವರೆಗೆ ಸರಳುಗಳೂ ತಂತಿಗಳೂ ಇದ್ದವು. ಒಂದು ಸರಳು ತುಸು ಸಡಿಲಾದರೆ ಒಂದು ಗಾಲಿಯು ಮೊದಲು ಹಿಡಿದು, ಇನ್ನೊಂದು ಆಮೇಲೆ ಹಿಡಿದು, ಗಾಡಿಯು ಓರೆಯಾಗಿ ತಿರುಗುತ್ತಿತ್ತು. ಸರಳಿನ ಬದಲಾಗಿ ದ್ರವವನ್ನು ತುಂಬಿದ ನಳಿಗೆಯನ್ನು ಇಟ್ಟರೆ ನಾಲ್ಕೂ ಗಾಲಿಗಳಿಗೆ ಒತ್ತಡವು ಏಕಕಾಲಕ್ಕೆ ಮುಟ್ಟುವದೆಂಬ ಯುಕ್ತಿಯನ್ನು ಅಮೇರಿಕೆಯ ಮಾಲ್ಕಮ್ ಲಾಕ್‌ಹೀಡನು ೧೯೧೭ರ ಸುಮಾರಿಗೆ ಹೂಡಿದನು. ವಿಮಾನದ ಕಾರ್ಖಾನೆಗೆ ಹೆಸರು ಕೊಟ್ಟ ಮನೆತನವೂ ಇದೇ. ನೆಲದ ಮೇಲೆ ಓಡುವದನ್ನು ನಿಲ್ಲಿಸುವದು, ಆಕಾಶಕ್ಕೆ ಏಳುವದು, ಎರಡೂ ಒಂದೇ ಮನೆಯ ಉದ್ಯೋಗವಾದದ್ದು ವಿನೋದವಲ್ಲವೆ? ೧೯೨೧ರ ಡ್ಯೂಸೆನ್‌ಬರ್ಗ್ ಎಂಬ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ಈ ಬ್ರೇಕು ಬಂದಿತು.

ಈಗ ಒಂದು ಲೆಕ್ಕವನ್ನು ಮಾಡುವಾ. ಲೆಕ್ಕಕ್ಕೆ ಅನುಕೂಲವಾಗಲೆಂದು ಅಂಕಿಗಳನ್ನು ಸರಳ ಮಾಡಿಕೊಂಡಿದ್ದೇನೆ. ಗಾಡಿಗೆ ಗಾಡಿಗೆ ಇವು ಬೇರೆಯಾಗುವವು. ನೀವು ಪೆಡಲನ್ನು ೨೦ ಕಿಲೋ ಭಾರದಷ್ಟು ಒತ್ತುವಿರೆಂದು ತಿಳಿಯಿರಿ. ಪೆಡಲು ಒಂದು ಸನ್ನೆಯಾಗಿರುವದರಿಂದ ಅದು ನಾಲ್ಕು ಪಟ್ಟಾಗಿ ೮೦ ಕಿಲೋ ಆಗುವದು. ಈ ೮೦ ಕಿಲೋ ೩ ಚದರ ಸೆಂಟಿಮೀಟರಿನ ಸಣ್ಣ ದಟ್ಟೆಯ ಮೇಲೆ ಬಿದ್ದಾಗ ದ್ರವದಲ್ಲಿಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ೨೭ ಕಿಲೋ. ಗಾಲಿಯ ಹತ್ತಿರದ ದಟ್ಟೆಯು ೨೦ ಚದರ ಸೆಂಟಿಮೀಟರು ಇದ್ದರೆ ಅಲ್ಲಿ ೫೪೦ ಕಿಲೋ ಬಲವು ಹುಟ್ಟುವದು. ಇಪ್ಪತ್ತು ಕಿಲೋ ಐದುನೂರಾ ನಾಲ್ವತ್ತಾಯಿತಲ್ಲ, ಇನ್ನೇನು ಬೇಕು ಎಂದು ಅನ್ನಬಹುದು. ಆದರೆ ಸಾವಿರ ಕಿಲೋಗೂ ಮಿಕ್ಕಿದ ಗಾಡಿಯು ರಭಸದಿಂದ ಓಡುವಾಗ ಇಷ್ಟು ಸಾಲದು. ಮೊದಮೊದಲಿನ ಅಂಬಾಸಡರ್ ಗಾಡಿಗಳಲ್ಲಿ ದ್ರವದ ಬ್ರೇಕು ಇತ್ತು, ಆದರೆ ಬೇರೆ ನೆರವು ಇರಲಿಲ್ಲ; ಅವುಗಳನ್ನು ನಡೆಸಿದ ಹಿರಿಯರು ಪೆಡಲಿನ ಮೇಲೆ ಎದ್ದು ನಿಲ್ಲುವಂತೆ ಒತ್ತುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಆ ನೆರವನ್ನು ಬೆಲ್ಜಿಯಮ್ ದೇಶದ ಆಲ್ಬರ್ಟ್ ಡೆವಾಂಡ್ರ್ ಎಂಬ ಎಂಜಿನಿಯರನು ಗಾಳಿಯಿಂದ ಪಡೆದನು. ಅವನ ಯುಕ್ತಿಯನ್ನು ಜರ್ಮನಿಯ ಬಾಷ್ ಕಂಪನಿಯು ಕೈಕೊಂಡು ೧೯೨೭ರಿಂದ ಮಾರಾಟಕ್ಕೆ ತಂದಿತು. ನಮ್ಮ ಮೈಮೇಲೆ ವಾತಾವರಣದ ಭಾರವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಇದೆ. ಎಲ್ಲ ಕಡೆಯಿಂದಲೂ ಸಮನಾಗಿ ಇರುವದರಿಂದ ನಮಗೆ ಅದರ ಅರಿವಿಲ್ಲ. ಒಂದು ಕಡೆಯ ಗಾಳಿಯನ್ನು ತೆಗೆದುಬಿಟ್ಟರೆ ಮಾತ್ರ ಇನ್ನೊಂದು ಕಡೆಯ ಗಾಳಿಯ ಬಲವು ಗೊತ್ತಾಗುವದು. ಪೆಟ್ರೋಲಿನ ಎಂಜಿನು ಓಡುವಾಗ ಹೊರಗಿನ ಗಾಳಿಯನ್ನು ಸದಾ ಹೀರುತ್ತಿರುತ್ತದೆ. ವೇಗದ ಪೆಡಲಿನಿಂದ ಕಾಲು ತೆಗೆದಾಗ ಗಾಳಿಯ ದಾರಿಯು ಮುಚ್ಚಿ, ಆ ಹೀರುವಿಕೆಯು ಬಲವಾಗುವದು. ಈ ಹೀರುವಿಕೆಯನ್ನು ಒಂದು ನಳಿಗೆಯಿಂದ ಬ್ರೇಕಿನ ಬಳಿಯ ಡಬ್ಬಿಗೆ ತರುವರು. ಕಾರಿನ ಮುಂಭಾಗದ ಮುಚ್ಚಳವನ್ನು ಎತ್ತಿ ನೋಡಿದರೆ, ಚಾಲಕನ ಎದುರಿನ ಗೋಡೆಗೆ ಅಂಟಿಕೊಂಡಂತೆ, ಊಟದ ತಾಟಿಗಿಂತ ತುಸು ಚಿಕ್ಕದಾದ ಕಪ್ಪು ದುಂಡು ಡಬ್ಬಿಯು ಬಹಳ ಗಾಡಿಗಳಲ್ಲಿ ಕಾಣುವದು. ಅದೇ ಇದು.

ಡಬ್ಬಿಯ ನಡುವೆ ಒಂದು ರಬ್ಬರಿನ ಪೊರೆಯಿದೆ. ಪೆಡಲನ್ನು ಮುಟ್ಟದಿರುವಾಗ ಪೊರೆಯ ಎರಡೂ ಬದಿಗೆ ಗಾಳಿಯು ಬಹಳ ಕಡಿಮೆ ಇರುತ್ತದೆ, ಆದ್ದರಿಂದ ಪೊರೆಯು ಅಲುಗದು. ಪೆಡಲನ್ನು ಒತ್ತಿದ ಕೂಡಲೆ ಒಂದು ಚಿಕ್ಕ ಕವಾಟವು ತೆರೆದು ಕಾಲಿನ ಬದಿಗೆ ಹೊರಗಿನ ಗಾಳಿಯನ್ನು ಬಿಡುವದು. ಆ ಗಾಳಿಯು ಪೊರೆಯನ್ನು ಮುಂದಕ್ಕೆ ನೂಕುವದು. ೨೦ ಸೆಂಟಿಮೀಟರು ಅಡ್ಡಳತೆಯ ಪೊರೆಯ ಮೈ ೩೧೪ ಚದರ ಸೆಂಟಿಮೀಟರು. ಎಂಜಿನಿನ ಹೀರುವಿಕೆಯು ಪೂರ್ಣವಲ್ಲವಾದ್ದರಿಂದ ಅದರ ಮೂರರಲ್ಲಿ ಎರಡು ಪಾಲನ್ನು ಹಿಡಿದರೂ ಸುಮಾರು ೨೦೦ ಕಿಲೋ ಬಲವು ಸಿಕ್ಕಿತು. ನಿಮ್ಮ ೮೦ಕ್ಕೆ ಈ ೨೦೦ ಕೂಡಿ ೨೮೦ ಆಯಿತು, ಅಂದರೆ ಮೂರೂವರೆ ಪಟ್ಟು. ಎಂದ ಮೇಲೆ ಈ ಗಾಳಿಯು ಇಲ್ಲದೆ ಹೋದರೆ, ಅದೇ ನಿಲುಗಡೆಗೆ ನಿಮ್ಮ ಕಾಲು ಇಪ್ಪತ್ತಲ್ಲ, ಎಪ್ಪತ್ತು ಕಿಲೋ ಒತ್ತಬೇಕು. ಎಪ್ಪತ್ತು ಕಿಲೋ ಎಂದರೆ ಒಬ್ಬ ಬೆಳೆದ ಗಂಡಸಿನ ಮೈತೂಕ.

ಇಲ್ಲಿ ಸಣ್ಣದೊಂದು ಸ್ವಾರಸ್ಯವಿದೆ. ಬಾದಾಮಿಯು ಸಮುದ್ರದ ಮಟ್ಟದಿಂದ ಸುಮಾರು ೫೮೬ ಮೀಟರು ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಭಾರವು ಕಡಲ ದಂಡೆಯ ಗಾಳಿಗಿಂತ ನೂರಕ್ಕೆ ಆರೇಳರಷ್ಟು ಕಡಿಮೆ. ಕಾರವಾರದಲ್ಲಿ ಸಿಗುವ ನೆರವು ಬಾದಾಮಿಯಲ್ಲಿ ತುಸು ಕಡಿಮೆ ಸಿಗುವದೆಂದಾಯಿತು. ಕಾಲಿಗೆ ಇದು ತಿಳಿಯಲಾರದು. ಹಿಮಾಲಯದ ಘಟ್ಟಗಳಲ್ಲಿ ತಿಳಿದೀತು.

ಇನ್ನು ಅಳಿಯನ ಕಥೆಗೆ ಬರುವಾ. ಎಂಜಿನು ನಿಂತರೆ ಹೀರುವಿಕೆಯೂ ನಿಂತಿತು. ಡಬ್ಬಿಯಲ್ಲಿ ಉಳಿದದ್ದು ಹೊರಟುಹೋಗದಂತೆ ಒಂದು ಕವಾಟವಿರುವದರಿಂದ ಎರಡು ಮೂರು ಸಲ ಒತ್ತುವಷ್ಟು ನೆರವು ಒಳಗೆ ಕೂಡಿಟ್ಟಿರುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯಿದ್ದಂತೆ ಇದು. ಪಂಪು ನಿಂತ ಮೇಲೂ ನಾಲ್ಕು ಕೊಡ ನೀರು ಬರುವದು, ಆಮೇಲೆ ಇಲ್ಲ. ಒತ್ತಿ ಬಿಟ್ಟ ಪ್ರತಿ ಸಲವೂ ಒಳಗೆ ಬಂದ ಗಾಳಿಯು ಆ ಸಂಗ್ರಹವನ್ನು ಕೆಡಿಸುತ್ತದೆ. ಅಳಿಯನು ತಿರುವಿನಲ್ಲಿ ಒಂದನ್ನು, ದನಕ್ಕಾಗಿ ಒಂದನ್ನು ವೆಚ್ಚ ಮಾಡಿ, ಕುರಿಯ ಹಿಂಡಿನ ಎದುರಿಗೆ ಬರಿಗೈಯಾದನು. ಅವನ ಬ್ರೇಕು ಕೆಟ್ಟಿರಲಿಲ್ಲ. ದ್ರವವೂ ನಳಿಗೆಯೂ ಎಲ್ಲ ಸರಿಯಾಗಿಯೇ ಇದ್ದವು. ಎಪ್ಪತ್ತು ಕಿಲೋ ಒತ್ತಿದ್ದರೆ ಗಾಡಿಯು ನಿಲ್ಲುತ್ತಿತ್ತು. ಆದರೆ ದಿನವೂ ಇಪ್ಪತ್ತು ಕಿಲೋಗೆ ರೂಢಿಯಾದ ಕಾಲು, ಗಟ್ಟಿಯಾದ ಪೆಡಲನ್ನು ಮುಟ್ಟಿದೊಡನೆ ಬ್ರೇಕು ಸತ್ತಿತೆಂದು ಬಗೆದು ಎದೆಗೆಡುವದು. ಗಾಬರಿಯಲ್ಲಿ ಬಿಟ್ಟು ಬಿಟ್ಟು ಒತ್ತುವದಂತೂ ಇನ್ನೂ ಕೇಡು, ಉಳಿದ ಅಲ್ಪ ಸ್ವಲ್ಪ ನೆರವೂ ಹೋಗುವದು. ಇಂಥ ಹೊತ್ತಿನಲ್ಲಿ ಬೆನ್ನನ್ನು ಆಸನಕ್ಕೆ ಒರಗಿಸಿ, ಇದ್ದ ಬಲವನ್ನೆಲ್ಲ ಹಾಕಿ ಒಂದೇ ಸಲ ಒತ್ತಿ, ಗಾಡಿಯು ನಿಲ್ಲುವವರೆಗೆ ಕಾಲನ್ನು ತೆಗೆಯಕೂಡದು. ಬೀಗದ ಕೈಯನ್ನು ಹೊರಗೆ ತೆಗೆಯುವದಂತೂ ಸರ್ವಥಾ ಕೂಡದು. ಕೆಲವು ಗಾಡಿಗಳಲ್ಲಿ ಚುಕ್ಕಾಣಿಯೇ ಬಿಗಿದುಕೊಳ್ಳುವದು.

ಅಷ್ಟಾಗಿ ಅವನು ಉಳಿಸಿದ ಪೆಟ್ರೋಲು ಎಷ್ಟು? ಒಂದು ಹನಿಯೂ ಅಲ್ಲ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿಯೇ ಇಟ್ಟು, ವೇಗದ ಪೆಡಲಿನಿಂದ ಕಾಲನ್ನು ತೆಗೆದು ಇಳಿಜಾರಿನಲ್ಲಿ ಬಂದರೆ ಎಂಜಿನಿಗೆ ಪೆಟ್ರೋಲು ಬೀಳುವದೇ ನಿಲ್ಲುತ್ತದೆ. ಗಾಲಿಗಳೇ ಎಂಜಿನನ್ನು ತಿರುಗಿಸುತ್ತವೆ. ಹೀಗೆ ತಿರುಗುವ ಎಂಜಿನು ಗಾಡಿಯನ್ನು ಹಿಂದಕ್ಕೆ ಹಿಡಿಯುವದು, ಜೊತೆಗೆ ಬ್ರೇಕಿನ ಡಬ್ಬಿಗೆ ಹೀರುವಿಕೆಯನ್ನೂ ಕೊಡುವದು. ಕುರುಬರ ಮುದುಕನು ಮೋಟಾರಿನ ಮುಚ್ಚಳವನ್ನು ಎತ್ತಿ ನೋಡಿದವನಿರಲಿಕ್ಕಿಲ್ಲ. ಆದರೆ ಇಳಿಜಾರಿನಲ್ಲಿ ಚಕ್ಕಡಿಯನ್ನು ಎತ್ತಿನ ಕೊರಳೇ ತಡೆಯುವದೆಂಬುದು ಅವನಿಗೆ ಗೊತ್ತಿತ್ತು.

ಡೀಜಲ್ ಎಂಜಿನುಗಳಲ್ಲಿ ಈ ಹೀರುವಿಕೆಯು ತಾನಾಗಿ ದೊರೆಯದಾದ್ದರಿಂದ ಬೇರೆ ಪಂಪನ್ನು ಇಟ್ಟಿರುತ್ತಾರೆ. ಕೆಲವು ಗಾಡಿಗಳು ಗಾಳಿಯ ಗೊಡವೆಗೇ ಹೋಗದೆ, ಪಂಪಿನಿಂದ ಒತ್ತಡಕ್ಕೇರಿಸಿದ ಎಣ್ಣೆಯಿಂದಲೇ ನೆರವನ್ನು ಪಡೆಯುವವು. ೧೯೫೫ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದ ಸಿತ್ರೊಎನ್ ಡಿ. ಎಸ್. ಎಂಬ ಕಾರಿನಲ್ಲಿ ಪೆಡಲೇ ಇಲ್ಲದೆ ಅಣಬೆಯಾಕಾರದ ಒಂದು ಗುಂಡಿಯಿತ್ತು, ಅದನ್ನು ಬೆರಳಿನಿಂದೆಂಬಂತೆ ಕಾಲಿನಿಂದ ಮೆಲ್ಲಗೆ ಒತ್ತಿದರೆ ಸಾಕಾಗುತ್ತಿತ್ತು. ವಿದ್ಯುತ್ತಿನ ಕಾರುಗಳಲ್ಲಿ ಹೀರುವ ಎಂಜಿನೇ ಇಲ್ಲ, ಆದ್ದರಿಂದ ವಿದ್ಯುತ್ ಮೋಟಾರು ಈ ಕೆಲಸವನ್ನು ಮಾಡುವದು.

ಪೆಡಲು ಕಲ್ಲಾಗುವದು ಒಂದು ದೋಷವಾದರೆ, ಅದಕ್ಕೆ ನೇರ ವಿರುದ್ಧವಾದ ಇನ್ನೊಂದಿದೆ: ಪೆಡಲು ನೆಲದವರೆಗೆ ಹತ್ತಿಯಂತೆ ಇಳಿದುಹೋಗುವದು. ಇದು ಹೆಚ್ಚು ಭಯಂಕರವಾದದ್ದು. ಇದರ ಕಾರಣವನ್ನು ತಿಳಿಯಲು ಅಡಿಗೆಮನೆಗೆ ಹೋಗೋಣ. ೧೨೦೦ ಕಿಲೋ ತೂಕದ ಕಾರು ಗಂಟೆಗೆ ೬೦ ಕಿಲೋಮೀಟರಿನ ವೇಗದಿಂದ ಬಂದು ನಿಂತರೆ, ಆ ಓಟದ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುವದು. ಆ ಶಾಖದಿಂದ ಅರ್ಧ ಲೀಟರಿಗೂ ತುಸು ಹೆಚ್ಚಿನ ನೀರನ್ನು ಕುದಿಯುವವರೆಗೆ ಕಾಯಿಸಬಹುದು. ಅಂದರೆ ಒಂದು ಸಲ ಗಾಡಿಯನ್ನು ನಿಲ್ಲಿಸಿದರೆ ಮನೆಮಂದಿಗೆ ಚಹಾ ಆಯಿತು! ವೇಗವು ೧೨೦ ಆದರೆ ಶಾಖವು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಉದ್ದನ್ನ ಇಳಿಜಾರಿನಲ್ಲಿ ಬರಿ ಬ್ರೇಕಿನ ಮೇಲೆಯೇ ಇಳಿಯುತ್ತ ಹೋದರೆ ಈ ಶಾಖವು ದ್ರವಕ್ಕೂ ಮುಟ್ಟುವದು. ಬ್ರೇಕಿನ ದ್ರವವು ಸಹಜವಾಗಿ ಕುದಿಯುವಂಥದಲ್ಲ. ಹೊಸದಿರುವಾಗ ಸಾಮಾನ್ಯ ಬಗೆಯದು ೨೦೫ ಡಿಗ್ರಿಯವರೆಗೆ ತಡೆಯಬೇಕೆಂದು ಕಟ್ಟಳೆಯಿದೆ. ಆದರೆ ಉಪ್ಪು ಮಳೆಗಾಲದಲ್ಲಿ ಪಸಿಗೂಡುವಂತೆ ಇದೂ ಗಾಳಿಯೊಳಗಿನ ತೇವವನ್ನು ಹೀರುತ್ತ ಹೋಗುವದು. ತೇವವು ಕೂಡಿದ ಮೇಲೆ ೧೪೦ ಡಿಗ್ರಿಗೇ ಕುದಿಯಬಹುದು. ಕುದಿದಲ್ಲಿ ಆವಿಯಾಗುವದು, ದ್ರವದಂತೆ ಆವಿಯು ಒತ್ತಡವನ್ನು ಮುಂದಕ್ಕೆ ಮುಟ್ಟಿಸದು, ತಾನೇ ಕುಗ್ಗುವದು. ಕಾಲು ನೆಲಕ್ಕೆ ಮುಟ್ಟಿದರೂ ಗಾಡಿಯು ಓಡುತ್ತಲೇ ಇರುವದು. ಇಲ್ಲಿ ಮಾತ್ರ ಪೆಡಲನ್ನು ಬೇಗ ಬೇಗ ಬಿಟ್ಟು ಒತ್ತಬೇಕು, ಗೇರನ್ನು ಕ್ರಮವಾಗಿ ಇಳಿಸಬೇಕು, ಕೈಬ್ರೇಕನ್ನು ಮೆಲ್ಲನೆ ಎಳೆಯಬೇಕು. ಕಲ್ಲಾದ ಪೆಡಲಿಗೆ ಹೇಳಿದ ಉಪಾಯವನ್ನು ಮೆತ್ತಗಾದ ಪೆಡಲಿಗೂ, ಇದರದನ್ನು ಅದಕ್ಕೂ ಅದಲು ಬದಲು ಮಾಡಬಾರದು.

ಆದಕಾರಣ ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸತಕ್ಕದ್ದು. ಮುಚ್ಚಳದ ಮೇಲೆ ಬರೆದ ಜಾತಿಯದನ್ನೇ, ಮುದ್ರೆ ಒಡೆಯದ ಡಬ್ಬಿಯಿಂದಲೇ ಹಾಕಿಸಬೇಕು. ನಮ್ಮ ನೆರೆಯವರ ಗಾಡಿಗೆ ಒಂದು ಗ್ಯಾರೇಜಿನಲ್ಲಿ (ಹೆಸರು ಬೇಡ) "ಎಣ್ಣಿ ಅಂದರ ಎಣ್ಣಿ" ಎಂದು ಎಂಜಿನಿನ ಎಣ್ಣೆಯನ್ನೇ ಬ್ರೇಕಿಗೆ ಹೊಯ್ದರು. ಒಳಗಿನ ರಬ್ಬರೆಲ್ಲ ನೀರಿನಲ್ಲಿ ನೆನೆದ ಕಡಲೆಯಂತೆ ಉಬ್ಬಿ, ಒತ್ತಿದ ಬ್ರೇಕು ಬಿಡದಾಯಿತು; ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹಾಕಬೇಕಾಯಿತು.

ಇಳಕಲ್ಲಿನ ರಸ್ತೆಯಲ್ಲಿ ಓಡಾಡುವವರು ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೊತ್ತ ಲಾರಿಗಳ ಹಿಂದೆ ಮುಂದೆ ಸಾಗಲೇಬೇಕು. ಮೂರು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಅಷ್ಟೇ ಎತ್ತರದ ಒಂದು ದಿಮ್ಮಿಯು ಸುಮಾರು ೧೮ ಟನ್ನು ತೂಗುವದು. ಇಂಥ ಭಾರಕ್ಕೆ ನಮ್ಮ ಡಬ್ಬಿಯ ಗಾಳಿಯು ಸಾಲದು. ದೊಡ್ಡ ಲಾರಿಗಳಲ್ಲಿಯೂ ಬಸ್ಸುಗಳಲ್ಲಿಯೂ ಗಾಳಿಯನ್ನು ಒತ್ತಿ ಸಿಲಿಂಡರುಗಳಲ್ಲಿ ತುಂಬಿಟ್ಟಿರುತ್ತಾರೆ. ನಿಲ್ದಾಣದಲ್ಲಿ ಬಸ್ಸು "ಉಸ್" ಎಂದು ನಿಟ್ಟುಸಿರು ಬಿಡುವದು ಇದರಿಂದಲೇ. ಅವುಗಳ ಹಿಂಗಾಲಿಗಳಲ್ಲಿ ಒಂದು ಜಾಣತನವನ್ನು ಮಾಡಿದ್ದಾರೆ: ಗಾಳಿಯ ಒತ್ತಡವು ಬಲವಾದ ಸ್ಪ್ರಿಂಗನ್ನು ಹಿಡಿದಿರುತ್ತದೆ, ಗಾಳಿಯು ಸೋರಿಹೋದರೆ ಸ್ಪ್ರಿಂಗೇ ಬ್ರೇಕನ್ನು ಹಾಕುವದು. ನೆರವು ಹೋದಾಗ ಗಾಡಿಯು ಓಡದೆ ನಿಲ್ಲುವಂತೆ ಮಾಡಿದ ಈ ಏರ್ಪಾಡು ನನಗೆ ಬಹಳ ಮೆಚ್ಚಿಕೆಯಾದದ್ದು. ಆದರೂ ಬ್ರೇಕಿನ ಶಾಖವು ಅವುಗಳಿಗೂ ತಪ್ಪಿದ್ದಲ್ಲ. ಎಲ್ಲ ಕೂಡಿ ೩೦ ಟನ್ನಿನ ಲಾರಿಯು ೬೦ರ ವೇಗದಿಂದ ನಿಂತರೆ ಹದಿನಾಲ್ಕು ಲೀಟರು ನೀರನ್ನು ಕುದಿಸುವಷ್ಟು ಶಾಖವು ಹುಟ್ಟುವದು. ಲಾರಿಯನ್ನು ಹಿಂದೆ ಹಾಕಿ, ಅದರ ಮುಂದೆಯೇ ಗಕ್ಕನೆ ಗಾಡಿಯನ್ನು ನಿಲ್ಲಿಸುವ ನಮ್ಮ ಹುಡುಗರು ಈ ಅಂಕಿಯನ್ನು ನೆನಪಿನಲ್ಲಿಡಲಿ.

ಮನೆಯಂಗಳದಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುವೆನು. ಇದಕ್ಕೆ ಮಿಸ್ತ್ರಿಯೂ ಬೇಡ, ಸಲಕರಣೆಯೂ ಬೇಡ. ಸಮ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕನ್ನು ಹಾಕಿ, ಗೇರನ್ನು ಬಿಡಿಸಿ, ಎಂಜಿನನ್ನು ಆರಿಸಿರಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಅದು ಗಟ್ಟಿಯಾಗುವದು. ಅಳಿಯನ ಕಾಲಿಗೆ ಹತ್ತಿದ ಕಲ್ಲು ಇದೇ. ಮನೆಯವರೆಲ್ಲರೂ ಒಮ್ಮೆ ಇದನ್ನು ಮುಟ್ಟಿ ನೋಡಿರಲಿ. ಈಗ ಕಾಲನ್ನು ಹಾಗೆಯೇ ಒತ್ತಿ ಹಿಡಿದು ಎಂಜಿನನ್ನು ಚಾಲೂ ಮಾಡಿರಿ. ಪೆಡಲು ತಾನಾಗಿಯೇ ತುಸು ಕೆಳಗೆ ಇಳಿದರೆ ಡಬ್ಬಿಯು ಆರೋಗ್ಯವಾಗಿದೆ. ಇಳಿಯದಿದ್ದರೆ ಪೊರೆಯೋ ನಳಿಗೆಯೋ ಹರಿದಿರಬೇಕು. ಅಂದು ಪ್ರಯಾಣ ಬೇಡ. ಒತ್ತಿ ಹಿಡಿದ ಪೆಡಲು ನಿಲ್ಲದೆ ನೆಲದವರೆಗೆ ಇಳಿಯುತ್ತಲೇ ಹೋದರೆ ದ್ರವವು ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯತಕ್ಕದ್ದು. ಇದರ ಜೊತೆಗೆ ಚಾಲಕನ ಕಾಲಬಳಿ ನೀರಿನ ಬಾಟಲಿ, ತೆಂಗಿನಕಾಯಿ, ಮಕ್ಕಳ ಚಪ್ಪಲಿ ಇವು ಉರುಳಾಡದಂತೆ ನೋಡಿರಿ. ಪೆಡಲಿನ ಹಿಂದೆ ಬಾಟಲಿಯೊಂದು ಸಿಕ್ಕಿದರೆ ಪಾಸ್ಕಲನ ತತ್ವವೂ ನಡೆಯದು, ಡೆವಾಂಡ್ರನ ಗಾಳಿಯೂ ನಡೆಯದು.

ಈ ವರ್ಷದ ಬನದ ಹುಣ್ಣಿಮೆಗೆ ನಾನೂ ಇಳಕಲ್ಲಿಗೆ ಹೋಗಿ ಅವರ ಸಂಗಡವೇ ಹೊರಟಿದ್ದೆನು. ಬುತ್ತಿಯ ಗಂಟು, ಮಕ್ಕಳು, ಮುದುಕರು ಎಲ್ಲ ಒಳಗೆ ತುಂಬಿಯಾಗಿತ್ತು. ತಂಗಿಯು ಮಗನನ್ನು ಕೆಳಗೆ ಇಳಿಸಿ, ಸೀರೆಯ ನಿರಿಗೆಯನ್ನು ಸಾವರಿಸಿಕೊಂಡು ತಾನೇ ಚಾಲಕನ ಆಸನದಲ್ಲಿ ಕುಳಿತಳು. ಅವಳಿಗೆ ಗಾಡಿಯನ್ನು ನಡೆಸಲು ಬಾರದು. ಆದರೂ ಐದು ಸಲ ಎಣಿಸಿ ಪೆಡಲನ್ನು ಒತ್ತಿದಳು, ಆರನೆಯ ಸಲ ಕಾಲನ್ನು ಊರಿ ಹಿಡಿದು, ಬೀಗದ ಕೈಯನ್ನು ತಿರುವಿದಳು. ಎಂಜಿನು ಗುರುಗುಟ್ಟಿತು.

"ಇಳೀತು ನೋಡಣ್ಣಾ" ಎಂದಳು. ಅಳಿಯನು ಒಳಗೆ ಬಂದು ಕುಳಿತನು, ನಾವು ಹೊರಟೆವು.